ರಾತ್ರಿ ಆಟ, ಕಪ್ಪು-ಬಿಳುಪು ರೀಲು

ಮೊದಲ ರೀಲು ಹಾಳಾಗಿದ್ದು ನನ್ನ ದುರಾಸೆಯಿಂದ. ಕುಂದಾಪುರದ ಹತ್ತಿರ ಒಂದು ಗದ್ದೆಯಲ್ಲಿ ಯಕ್ಷಗಾನ ಬಯಲಾಟ ಇತ್ತು, ಬೆಳಗಿನ ತನಕ. ನನ್ನ ಹತ್ತಿರ ಹಳೇ ನಿಕಾನ್ ಎಫ್‌ಎಂ2, 85 ಎಂಎಂ ಎಫ್ 2 ಲೆನ್ಸು, ಬ್ಯಾಗಲ್ಲಿ ನಾಲ್ಕು ರೀಲು ಇಲ್‌ಫರ್ಡ್ ಎಚ್‌ಪಿ5 ಪ್ಲಸ್. ಅದು 400 ಸ್ಪೀಡಿನ ಫಿಲ್ಮು (ಈ ಸಂಖ್ಯೆ ಏರಿದಷ್ಟೂ ಕಮ್ಮಿ ಬೆಳಕು ಸಾಕು ಅಂತ ಅರ್ಥ). ಆದರೆ ಕ್ಯಾಮೆರಾದ ಡಯಲು 6400ರ ತನಕ ತಿರುಗುತ್ತದೆ, ನಮ್ಮ ಕೈ ಸುಮ್ನೆ ಇರಬೇಕಲ್ಲ. 3200ಕ್ಕೆ ಇಟ್ಟು 1/250 ಸೆಕೆಂಡಿನ ಶಟರಿನಲ್ಲಿ ರಾತ್ರಿಯಿಡೀ ಹೊಡೆದೆ. ಆಮೇಲೆ ಜಾಸ್ತಿ ಹೊತ್ತು ತೊಳೆದರಾಯ್ತು ಅಂತ ಧೈರ್ಯ. (ಡೆವಲಪ್ ಮಾಡುವುದಕ್ಕೆ ರೀಲು ತೊಳೆಯುವುದು ಅಂತಲೇ ನನಗೆ ಬಾಯಿಗೆ ಬರುತ್ತದೆ, ಹಾಗೇ ಬರೆಯುತ್ತೇನೆ.)

ತೊಳೆದು ಬೆಳಕಿಗೆ ಹಿಡಿದರೆ ಅರ್ಧ ಫಿಲ್ಮು ಗಾಜಿನ ಹಾಗೆ. ಪ್ರಿಂಟಿನಲ್ಲಿ ಕಿರೀಟ ಗಾಳಿಯಲ್ಲಿ ತೇಲುತ್ತಿತ್ತು, ಕೆಳಗೆ ಎರಡು ಬಿಳಿ ಕೆನ್ನೆ, ಕಣ್ಣಿನ ಜಾಗದಲ್ಲಿ ಎರಡು ಗುಂಡಿ. ಗಡ್ಡ, ಪರದೆ, ಹಿಂದಿನ ಕತ್ತಲು ಎಲ್ಲಾ ಸೇರಿ ಒಂದೇ ಮಸಿ. ಕರ್ಣನೋ ಕೌರವನೋ ನನಗೇ ಗೊತ್ತಾಗಲಿಲ್ಲ.

ಆವತ್ತು ತಲೆಗೆ ಹೋದ ವಿಷಯ ಇಷ್ಟೇ. ಪುಶ್ ಮಾಡಿದರೆ, ಅಂದರೆ ಹೀಗೆ ಹೆಚ್ಚಿನ ಸಂಖ್ಯೆ ಇಟ್ಟು ಹೊಡೆದು ಜಾಸ್ತಿ ಹೊತ್ತು ತೊಳೆದರೆ, ಫಿಲ್ಮಿನ ಸ್ಪೀಡು ಏರುವುದಿಲ್ಲ. ಬೆಳಕು ತಾಗಿದ ಕಣಗಳನ್ನು ಡೆವಲಪರ್ ಕಪ್ಪು ಬೆಳ್ಳಿ ಮಾಡುತ್ತದೆ. ಬೆಳಕೇ ತಾಗದ ಜಾಗದಲ್ಲಿ ಅದಕ್ಕೆ ಕೆಲಸ ಇಲ್ಲ, ಹತ್ತು ನಿಮಿಷ ಇಡಿ, ಇಪ್ಪತ್ತು ನಿಮಿಷ ಇಡಿ, ಒಂದಿಷ್ಟು ಫಾಗ್, ಅಂದರೆ ಮಬ್ಬು, ಬರುತ್ತದೆ ಅಷ್ಟೇ. ಮೊದಲೇ ಬೆಳಕು ಕಂಡ ಕೆನ್ನೆ, ಕಿರೀಟದ ಹೊಳಪು ಇವು ಮಾತ್ರ ಇನ್ನೂ ದಟ್ಟವಾಗುತ್ತಾ ಹೋಗುತ್ತವೆ, ನೆರಳು ಇದ್ದಲ್ಲೇ ಇರುತ್ತದೆ. ರಂಗದ ಬೆಳಕು ಮೊದಲೇ ಕಟುವಾಗಿರುತ್ತದೆ, ಅದರ ಮೇಲೆ ಪುಶ್ ಮಾಡಿದರೆ ಗಾಯಕ್ಕೆ ಉಪ್ಪು ಹಾಕಿದ ಹಾಗೆ.

ಹಾಗಾದರೆ ಡಬ್ಬಿ ಮೇಲೆ 3200 ಅಂತ ಬರೆದಿರುವ ಫಿಲ್ಮು ತಗೊಂಡರೆ ಆಯ್ತಲ್ಲ ಅಂತ ನನಗೂ ಅನಿಸಿತ್ತು. ಇಲ್‌ಫರ್ಡ್ ಡೆಲ್ಟಾ 3200 ಇದೆ, 1998ರಲ್ಲಿ ಬಂದಿದ್ದು. ಕೊಡಾಕ್ ಟಿ-ಮ್ಯಾಕ್ಸ್ ಪಿ3200 ಅದಕ್ಕೂ ಹತ್ತು ವರ್ಷ ಹಳೆಯದು, 1988ರದ್ದು, 2012ರಲ್ಲಿ ನಿಂತುಹೋಗಿ 2018ರಲ್ಲಿ ವಾಪಸ್ ಬಂತು. ಆ ಹೆಸರಿನಲ್ಲಿರುವ ಪಿ ಅಕ್ಷರಕ್ಕೆ ಪುಶ್ ಅಂತಲೇ ಅರ್ಥ. ಡೆಲ್ಟಾದ ಅಳತೆ ಮಾಡಿದ ಸ್ಪೀಡು 1000 ಅಂತ ಇಲ್‌ಫರ್ಡ್‌ನವರೇ ತಮ್ಮ ಹಾಳೆಯಲ್ಲಿ ಹೇಳಿಕೊಂಡಿದ್ದಾರೆ, ಪಿ3200ರದ್ದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ 3200 ಅನ್ನುವುದು ಅಲ್ಲಿ ತನಕ ಪುಶ್ ಮಾಡಬಹುದು ಅನ್ನುವ ಸಂಖ್ಯೆ. ಮೋಸ ಅಂತ ಹೇಳಲ್ಲ. ಈ ಫಿಲ್ಮುಗಳನ್ನು ಮಾಡಿರುವುದೇ ಕಾಂಟ್ರಾಸ್ಟ್ ಕಡಿಮೆ ಇರುವ ಹಾಗೆ, ಪುಶ್ ಮಾಡಿದಾಗ ಸರಿಹೋಗಲಿ ಅಂತ. 400ರ ಫಿಲ್ಮಿಗೆ ಆ ತಾಳ್ಮೆ ಕಡಿಮೆ.

ಈಗ ನನ್ನ ಲೆಕ್ಕ ಹೀಗಿದೆ. ಎಚ್‌ಪಿ5 ಆದರೆ 1600, ಅದರ ಮೇಲೆ ಹೋಗುವುದೇ ಇಲ್ಲ. ಡೆಲ್ಟಾ 3200 ಆದರೂ ಮೀಟರಿನಲ್ಲಿ 1600 ಇಡುತ್ತೇನೆ, ತೊಳೆಯುವಾಗ ಮಾತ್ರ 3200ರ ಸಮಯ ಕೊಡುತ್ತೇನೆ. ಮೈಕ್ರೊಫೆನ್ ಅನ್ನುವ ಡೆವಲಪರ್ ನೀರು ಬೆರೆಸದೆ, 20 ಡಿಗ್ರಿಯಲ್ಲಿ, 1600ಕ್ಕೆ 8 ನಿಮಿಷ, 3200ಕ್ಕೆ 9 ನಿಮಿಷ ಅಂತ ಇಲ್‌ಫರ್ಡ್ ಪಟ್ಟಿ. ಆ ಒಂದು ನಿಮಿಷ ಜಾಸ್ತಿ ಕೊಟ್ಟರೆ ನೆಗೆಟಿವ್‌ಗೆ ಸ್ವಲ್ಪ ಮೈ ಬರುತ್ತದೆ. ಇಲ್ಲದಿದ್ದರೆ ಡೆಲ್ಟಾ ನನ್ನ ಕೈಯಲ್ಲಿ ಯಾವಾಗಲೂ ಸಪ್ಪೆ.

ಬೆಳಕು ಅಳೆಯುವುದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಅರ್ಧ ಕೆಲಸ ಕೆಡುವುದು ಅಲ್ಲೇ. ಎಫ್‌ಎಂ2 ಮೀಟರು ನಡುವಿನ ಜಾಗಕ್ಕೆ ಒತ್ತು ಕೊಟ್ಟು ಇಡೀ ಚೌಕಟ್ಟು ನೋಡುತ್ತದೆ. ರಂಗದ ಹಿಂದೆ ಕತ್ತಲು ಇದ್ದರೆ ಅದು ಗಾಬರಿಯಾಗಿ ಇನ್ನೂ ಬೆಳಕು ಕೊಡು ಅನ್ನುತ್ತದೆ, ಮುಖ ಸುಟ್ಟುಹೋಗುತ್ತದೆ. ಎದುರಿಗೇ ಹ್ಯಾಲೊಜನ್ ದೀಪ ಕಂಡರೆ ಉಲ್ಟಾ. ಅದಕ್ಕೆ ನಾನು ಆಟ ಶುರುವಾಗುವ ಮೊದಲೇ, ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ವೇಷಗಳು ಕುಣಿಯುತ್ತಿರುವಾಗ, ಜನ ಇನ್ನೂ ಚಾಪೆ ಹಾಸಿಕೊಳ್ಳುತ್ತಿರುವಾಗ, ರಂಗದ ಅಂಚಿಗೆ ಹೋಗಿ ನನ್ನ ಅಂಗೈಯನ್ನು ಆ ಬೆಳಕಿಗೆ ಒಡ್ಡಿ ಚೌಕಟ್ಟು ತುಂಬಾ ಅದನ್ನೇ ತುಂಬಿಸಿ ಅಳೆಯುತ್ತೇನೆ. ಮೀಟರು ಲೆಕ್ಕಕ್ಕೆ ಹಿಡಿಯುವ ನಡುಬೂದು ಬಣ್ಣಕ್ಕಿಂತ ಅಂಗೈ ಸುಮಾರು ಒಂದು ಸ್ಟಾಪ್ ತಿಳಿ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು). ಹಾಗಾಗಿ ಒಂದು ಸ್ಟಾಪ್ ತೆರೆದುಕೊಂಡರೆ ಆಯ್ತು. ರಂಗದ ನಡುವೆ, ಎಡಕ್ಕೆ, ಬಲಕ್ಕೆ ಮೂರು ಅಳತೆ ತಗೊಂಡು ಚೀಟಿಯಲ್ಲಿ ಬರೆದಿಟ್ಟು, ಆಮೇಲೆ ಬೆಳಗಿನ ತನಕ ಮೀಟರ್ ಕಡೆ ನೋಡುವುದಿಲ್ಲ. ಬೆಳಕು ಬದಲಾಗದ ರಂಗಕ್ಕೆ ಪದೇ ಪದೇ ಅಳೆಯುವುದು ಯಾಕೆ? ವ್ಯೂಫೈಂಡರಿನಲ್ಲಿ ಕೆಂಪು ಕೂಡು, ಸೊನ್ನೆ, ಕಳೆ ಚಿಹ್ನೆಗಳು ಮಿಣಮಿಣ ಅಂದರೂ ಕಿವಿಗೆ ಹಾಕಿಕೊಳ್ಳಬೇಡಿ.

ನನಗೆ ಸಾಮಾನ್ಯವಾಗಿ ಸಿಗುವುದು 1600ರಲ್ಲಿ ಎಫ್ 2, 1/125. ಅಂಚಿನಲ್ಲಿ ನಿಂತ ವೇಷಕ್ಕೆ 1/60. ದಿಗಿಣ ಹಾರುವವರನ್ನು 1/125ರಲ್ಲಿ ಹಿಡಿಯಲು ಆಗಲ್ಲ ಅನ್ನುತ್ತಾರೆ. ಆಗುತ್ತದೆ. ಮೇಲೆ ಹೋದ ಮೈ ಕೆಳಗೆ ಬರುವ ಮುಂಚೆ ಒಂದು ಕ್ಷಣ ನಿಂತ ಹಾಗೆ ಇರುತ್ತದೆ, ಆ ಕ್ಷಣ ಚೆಂಡೆಯ ಪೆಟ್ಟಿನಲ್ಲೇ ಗೊತ್ತಾಗುತ್ತದೆ. ಕಣ್ಣಿನಿಂದ ಕಾದರೆ ತಡ, ಕಿವಿಯಿಂದ ಕಾಯಬೇಕು. ತಾಳ ಗೊತ್ತಿದ್ದವನಿಗೆ ಒಂದು ಸ್ಟಾಪ್ ಫಿಲ್ಮ್ ಸ್ಪೀಡು ಪುಕ್ಕಟೆ.

ಇನ್ನೊಂದು, ಈಗ ಎಲ್ಲಾ ಕಡೆ ಎಲ್‌ಇಡಿ ಬಂದಿದೆ. ಹ್ಯಾಲೊಜನ್ ಬೆಳಕಿನಲ್ಲಿ ಕೆಂಪು ಜಾಸ್ತಿ, ಹಾಗಾಗಿ ವೇಷದ ಕೆಂಪು ಬಟ್ಟೆ, ಕೆಂಪು ಬಣ್ಣ ಫಿಲ್ಮಿನಲ್ಲಿ ತಿಳಿಯಾಗಿ ಬರುತ್ತಿತ್ತು. ಬಿಳಿ ಎಲ್‌ಇಡಿ ಕೆಳಗೆ ಅದೇ ಕೆಂಪು ಗಾಢ. ಎರಡೂ ಚಂದವೇ, ಆದರೆ ಒಂದೇ ಆಟದಲ್ಲಿ ಅರ್ಧ ಅದು ಅರ್ಧ ಇದು ಇದ್ದರೆ ತಲೆಬಿಸಿ. ಅಗ್ಗದ ಎಲ್‌ಇಡಿ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿಟುಕುತ್ತದೆ. 1/250 ಹೊಡೆದರೆ ಒಂದು ಫ್ರೇಮು ಬೆಳಕು, ಪಕ್ಕದ ಫ್ರೇಮು ಮಬ್ಬು. ನನ್ನ ಎಕ್ಸ್‌ಪೋಶರ್ ತಪ್ಪು ಅಂತ ಒಂದು ಸೀಸನ್ ಪೂರ್ತಿ ನನ್ನನ್ನೇ ಬೈದುಕೊಂಡೆ.

ಸರಿ, ತೊಳೆಯುವ ಕಡೆ ಬರೋಣ. ಮೈಕ್ರೊಫೆನ್ ಯಾವಾಗಲೂ ಸಿಗುವುದಿಲ್ಲ. ಸಿಗದಿದ್ದಾಗ ಡಿ-76 ಡೆವಲಪರ್ ಮನೆಯಲ್ಲೇ ಕಲಸುತ್ತೇನೆ. 1920ರ ದಶಕದ ಕೊಡಾಕ್ ಸೂತ್ರ, ಗುಟ್ಟೇನೂ ಇಲ್ಲ. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ನೀರಿನಂಶ ಇಲ್ಲದ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಲ್ಯಾಬ್ ಕೆಮಿಕಲ್ ಅಂಗಡಿಯಲ್ಲಿ ಕೇಳಿ. ನಮ್ಮನೆ ಬೋರ್‌ವೆಲ್ ನೀರು ಗಡಸು, ಅದಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತಂದು 50 ಡಿಗ್ರಿಗೆ ಬಿಸಿ ಮಾಡಿಕೊಳ್ಳುತ್ತೇನೆ, ಮುಕ್ಕಾಲು ಲೀಟರು. ಮೊದಲು ಒಂದೇ ಒಂದು ಚಿಟಿಕೆ ಸಲ್ಫೈಟ್. ಆಮೇಲೆ ಮೆಟಾಲ್, ಅದು ಪೂರ್ತಿ ಕರಗಬೇಕು. ಆಮೇಲೆ ಉಳಿದ ಸಲ್ಫೈಟ್, ಸ್ವಲ್ಪ ಸ್ವಲ್ಪವೇ ಉದುರಿಸುತ್ತಾ ಕಲಕುತ್ತಾ, ಗಂಜಿಗೆ ಹಿಟ್ಟು ಹಾಕುವ ಹಾಗೆ. ಕೊನೆಗೆ ಹೈಡ್ರೊಕ್ವಿನೋನ್, ಬೋರಾಕ್ಸ್, ನೀರು ಸೇರಿಸಿ ಒಂದು ಲೀಟರು. ಅವಸರದಲ್ಲಿ ಸಲ್ಫೈಟ್ ಪೂರ್ತಿ ಮೊದಲೇ ಸುರಿದರೆ ಮೆಟಾಲ್ ಕರಗುವುದಿಲ್ಲ, ಬಿಳಿ ಚೂರುಗಳಾಗಿ ತೇಲುತ್ತದೆ. ಒಂದು ಸಲ ಅದನ್ನೂ ಮಾಡಿ ನೋಡಿದ್ದೇನೆ. ಕೈಗೆ ಗ್ಲೌಸ್ ಹಾಕಿ, ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಅಡುಗೆಮನೆ ಪಾತ್ರೆ ಮುಟ್ಟಬೇಡಿ. ಡಿ-76 ಮತ್ತು ಇಲ್‌ಫರ್ಡ್ ಐಡಿ-11 ಹೆಚ್ಚುಕಡಿಮೆ ಒಂದೇ, ಹಾಗಾಗಿ ಎಚ್‌ಪಿ5 1600ಕ್ಕೆ ಐಡಿ-11ರ 14 ನಿಮಿಷವನ್ನೇ ಬಳಸುತ್ತೇನೆ. ಮೈಕ್ರೊಫೆನ್ ಆದರೆ 11.

ಈ ಎಲ್ಲಾ ಸಮಯಗಳೂ 20 ಡಿಗ್ರಿಗೆ. ಅದೇ ದೊಡ್ಡ ತಮಾಷೆ. ಏಪ್ರಿಲ್‌ನಲ್ಲಿ ಕರಾವಳಿಯಲ್ಲಿ ನಲ್ಲಿ ನೀರೇ 30 ಡಿಗ್ರಿ. ಚಿಕ್ಕಮ್ಮನ ಮನೆಯಲ್ಲಿ ಒಂದು ಸಲ ಡೆವಲಪರನ್ನು ಫ್ರಿಜ್ಜಿನಲ್ಲಿಟ್ಟು ಸರಿಯಾಗಿ 20ಕ್ಕೆ ತಂದು, ಫಿಲ್ಮು ಇರುವ, ಬೆಳಕು ನುಗ್ಗದ ಟ್ಯಾಂಕಿಗೆ ಸುರಿದು, 14 ನಿಮಿಷ ಕೈಯಲ್ಲಿ ಹಿಡಿದು ತಿರುಗಿಸಿದೆ. ಹೊರಗೆ ಸುರಿಯುವಾಗ ಥರ್ಮಾಮೀಟರ್ ಅದ್ದಿದರೆ 26! ಟ್ಯಾಂಕು ಬಿಸಿ, ಕೋಣೆ ಬಿಸಿ, ನನ್ನ ಅಂಗೈ ಬಿಸಿ. ಆ ರೀಲಿನಲ್ಲಿ ಬಣ್ಣದ ವೇಷದ ಮುಖದ ಮೇಲಿನ ಚುಟ್ಟಿ, ಆ ಸಣ್ಣ ಸಣ್ಣ ಬಿಳಿ ಮುಳ್ಳುಗಳು, ಎಲ್ಲಾ ಕೂಡಿಕೊಂಡು ಒಂದೇ ಸುಣ್ಣದ ಗೋಡೆ.

ಆಮೇಲೆ ಬುದ್ಧಿ ಬಂತು. 20 ಹಿಡಿಯುವ ಹಟ ಬಿಟ್ಟೆ. ನನ್ನಿಂದ ಹಿಡಿದಿಡಲು ಆಗುವ ಉಷ್ಣತೆ ಯಾವುದೋ ಅದನ್ನೇ ಇಟ್ಟುಕೊಳ್ಳುತ್ತೇನೆ, ಸಾಮಾನ್ಯವಾಗಿ 24. ಒಂದೊಂದು ಡಿಗ್ರಿಗೆ ಸಮಯ ಹತ್ತಿರ ಹತ್ತಿರ ನೂರಕ್ಕೆ ಎಂಟೊಂಬತ್ತರಷ್ಟು ಇಳಿಯುತ್ತದೆ, 14 ನಿಮಿಷದ್ದು 24ರಲ್ಲಿ ಸುಮಾರು 10 ನಿಮಿಷ. ದೊಡ್ಡ ಬಕೆಟ್ಟಿನಲ್ಲಿ ಮಡಕೆ ನೀರು ಹಾಕಿ, ಡೆವಲಪರ್, ಹೈಪೋ (ಬೆಳಕು ತಾಗದೆ ಉಳಿದ ಕಣಗಳನ್ನು ಕರಗಿಸುವ ದ್ರಾವಣ), ಖಾಲಿ ಟ್ಯಾಂಕು, ತೊಳೆಯುವ ನೀರು ಎಲ್ಲವನ್ನೂ ಅದರಲ್ಲೇ ಕೂರಿಸುತ್ತೇನೆ. ಸಾಲದಿದ್ದರೆ ಗಂಟು ಕಟ್ಟಿದ ಪ್ಲಾಸ್ಟಿಕ್ ಕವರಿನಲ್ಲಿ ಐಸು. ಮಡಕೆ ಈ ಕೆಲಸಕ್ಕೆ ಎಷ್ಟು ಒಳ್ಳೆಯದು ಅಂದರೆ ಚಿಕ್ಕಮ್ಮ ಈಗ ನನಗೆ ಅಂತಲೇ ಒಂದು ಬೇರೆ ಇಟ್ಟಿದ್ದಾರೆ, ಕುಡಿಯುವ ಮಡಕೆ ಮುಟ್ಟಕೂಡದು. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯಲ್ಲಿ ಈ ಗೋಳೇ ಇಲ್ಲ, ನಲ್ಲಿ ತಿರುಗಿಸಿದರೆ ಸಾಕು. ಮನಸ್ಸು ತಡೆದರೆ ರೀಲುಗಳನ್ನು ಅಲ್ಲಿಗೆ ತಂದೇ ತೊಳೆಯಿರಿ. ನನ್ನದು ತಡೆಯುವುದಿಲ್ಲ.

ಟ್ಯಾಂಕು ತಿರುಗಿಸುವುದು ಪ್ರತಿ ನಿಮಿಷಕ್ಕೆ 10 ಸೆಕೆಂಡು, ನಾಲ್ಕು ಸಲ, ಮೆತ್ತಗೆ. ಆಮೇಲೆ ಗುಳ್ಳೆ ಬಿಡಲು ನೆಲಕ್ಕೆ ಟಕ್ ಅಂತ ಒಂದು ಪೆಟ್ಟು. ಪುಶ್ ಅಂದ ತಕ್ಷಣ ಕೆಲವರು ಕಾಕ್‌ಟೇಲ್ ಕುಲುಕಿದ ಹಾಗೆ ಕುಲುಕುತ್ತಾರೆ. ಕಾಂಟ್ರಾಸ್ಟ್ ಏರಿ ಮುಖ ಇನ್ನೂ ಸುಡುತ್ತದೆ, ಬೇಡ.

ರೀಲನ್ನು ಟ್ಯಾಂಕಿನೊಳಗೆ ಕೂರುವ ಸುರುಳಿ, ಅಂದರೆ ಸ್ಪೈರಲ್‌ಗೆ ಸುತ್ತುವುದು ಮಾತ್ರ ಸೆಖೆಯಲ್ಲಿ ಒಂದು ಶಿಕ್ಷೆ. ಬೆಳಕು ನುಗ್ಗದ ಚೇಂಜಿಂಗ್ ಬ್ಯಾಗಿನಲ್ಲಿ ಕೈ ತೂರಿಸಿ ಎರಡು ನಿಮಿಷಕ್ಕೆ ಬೆರಳು ಬೆವರುತ್ತದೆ, ಆ ತೇವಕ್ಕೆ ಪ್ಲಾಸ್ಟಿಕ್ ಸ್ಪೈರಲ್ ಅರ್ಧದಲ್ಲೇ ಫಿಲ್ಮನ್ನು ಕಚ್ಚಿ ಹಿಡಿಯುತ್ತದೆ. ಮುಂದೂ ಹೋಗಲ್ಲ, ಹಿಂದೂ ಬರಲ್ಲ. ಬಲವಂತ ಮಾಡಿದರೆ ಅರ್ಧಚಂದ್ರದ ಗುರುತು ಬೀಳುತ್ತದೆ. ಹಾಗಾದಾಗ ಎಲ್ಲವನ್ನೂ ಬರಿ ಟ್ಯಾಂಕಿನೊಳಗೆ ಹಾಕಿ ಮುಚ್ಚಳ ಭದ್ರ ಮಾಡಿ, ಕೈ ಹೊರಗೆ ತೆಗೆದು, ಒರೆಸಿಕೊಂಡು, ಒಂದು ಲೋಟ ನೀರು ಕುಡಿದು ಮತ್ತೆ ಶುರು ಮಾಡಿ. ಈಗ ನಾನು ಬ್ಯಾಗೇ ಬಿಟ್ಟಿದ್ದೇನೆ. ರಾತ್ರಿ ಹತ್ತರ ಮೇಲೆ ಬಚ್ಚಲಮನೆ ಬಾಗಿಲ ಸಂದಿಗೆ ಕಂಬಳಿ ಹೊಚ್ಚಿ, ಸ್ಪೈರಲನ್ನು ಮೊದಲೇ ಹೇರ್ ಡ್ರೈಯರಿನಲ್ಲಿ ಒಣಗಿಸಿಟ್ಟುಕೊಂಡು ಸುತ್ತುತ್ತೇನೆ. ಕೆಂಪು ಬಲ್ಬು ಹಾಕಿಕೋ ಅಂತ ಹೇಳುವ ಒಬ್ಬ ಮಾವ ಎಲ್ಲರ ಮನೆಯಲ್ಲೂ ಇರುತ್ತಾರೆ. ಅದು ಪ್ರಿಂಟ್ ಕಾಗದಕ್ಕೆ. ಈ ಫಿಲ್ಮು ಕೆಂಪನ್ನೂ ನೋಡುತ್ತದೆ, ಪೂರ್ತಿ ಕತ್ತಲೇ ಬೇಕು.

ಹೈಪೋಗೆ ರ‍್ಯಾಪಿಡ್ ಫಿಕ್ಸರ್ ಒಂದಕ್ಕೆ ನಾಲ್ಕು ನೀರು. ಕತ್ತರಿಸಿದ ಫಿಲ್ಮ್ ತುದಿಯನ್ನು ಅದರಲ್ಲಿ ಹಾಕಿ, ಪಾರದರ್ಶಕ ಆಗಲು ಎಷ್ಟು ಹೊತ್ತು ಬೇಕೋ ಅದರ ಎರಡರಷ್ಟು ಇಡುವುದು. ಡೆಲ್ಟಾ, ಟಿ-ಮ್ಯಾಕ್ಸ್‌ಗೆ ಜಾಸ್ತಿ ಹಿಡಿಯುತ್ತದೆ. ಕೊನೆಗೆ ಬರೀ ನೀರಿನಲ್ಲಿ ತೊಳೆಯಲು ನಲ್ಲಿ ಬಿಟ್ಟು ಕೂರುವುದಿಲ್ಲ. ಟ್ಯಾಂಕಿಗೆ ನೀರು ತುಂಬಿ 5 ಸಲ ತಿರುಗಿಸಿ ಚೆಲ್ಲುವುದು, ಮತ್ತೆ ತುಂಬಿ 10 ಸಲ, ಮತ್ತೆ 20 ಸಲ. ಇದು ಇಲ್‌ಫರ್ಡ್ ಹೇಳಿಕೊಟ್ಟ ವಿಧಾನ, ಟ್ಯಾಂಕರಿಗೆ ಫೋನ್ ಮಾಡಿ ನೀರು ತರಿಸುವ ಬೆಂಗಳೂರಿಗೆ ಹೇಳಿ ಮಾಡಿಸಿದ ಹಾಗಿದೆ.

ಫಿಲ್ಮು ಇಡುವ ವಿಷಯ ಚಿಕ್ಕದಾಗಿ. ಸ್ಪೀಡು ಜಾಸ್ತಿ ಇದ್ದಷ್ಟೂ ಬೇಗ ಮುದಿಯಾಗುತ್ತದೆ, ಫ್ರಿಜ್ಜಿನಲ್ಲಿಡಿ, ಹೊರಗೆ ತೆಗೆದ ಮೇಲೆ ಒಂದೆರಡು ಗಂಟೆ ಡಬ್ಬಿ ತೆರೆಯಬೇಡಿ, ಒಳಗೆ ಬೆವರುತ್ತದೆ. ಏರ್‌ಪೋರ್ಟ್ ಎಕ್ಸ್‌ರೇಗೆ 3200ರ ರೀಲು ಕೊಡಬೇಡಿ, ಕೈಯಲ್ಲೇ ನೋಡಿ ಅಂತ ವಿನಯದಿಂದ ಕೇಳಿ. ಮೆಟ್ರೋ ಸ್ಟೇಷನ್ನಿನಲ್ಲೂ ಬ್ಯಾಗು ಮೆಷಿನ್ನಿಗೆ ಹೋಗುತ್ತದೆ ಅನ್ನುವುದು ನೆನಪಿರಲಿ. ನಾನಂತೂ ಅಂಥ ದಿನ ಆಟೋ ಹಿಡಿಯುತ್ತೇನೆ.

ಕಳೆದ ಸೀಸನ್ನಿನ ಒಂದು ರೀಲು ಈಗ ಎದುರಿಗಿದೆ. ಡೆಲ್ಟಾ 3200, ಮೀಟರಿನಲ್ಲಿ 1600, ಮೈಕ್ರೊಫೆನ್, 24 ಡಿಗ್ರಿ. ಗ್ರೇನು ರವೆಯ ಹಾಗೆ ದಪ್ಪ, ಅದರ ಬಗ್ಗೆ ನನಗೆ ಬೇಜಾರಿಲ್ಲ. 23ನೇ ಫ್ರೇಮಿನಲ್ಲಿ ಅಭಿಮನ್ಯು ಗಾಳಿಯಲ್ಲಿದ್ದಾನೆ, ಮೊಣಕಾಲು ಎದೆಯ ಹತ್ತಿರ, ತಲೆಯ ಮೇಲಿನ ಕೇದಗೆ ಮುಂದಲೆಯ ಕೆಳಗೆ ಕಣ್ಣು ಕಾಣುತ್ತದೆ, ಕಣ್ಣಿನ ಕಪ್ಪಿನ ಗೆರೆಯೂ ಕಾಣುತ್ತದೆ. ಹಿಂದೆ ಭಾಗವತರ ಬಾಯಿ ಅರ್ಧ ತೆರೆದಿದೆ. ಚೆಂಡೆಯವರ ಕೈ ಮಾತ್ರ ಮಸುಕು. ಅದು 1/125ಕ್ಕೆ ನಿಲ್ಲುವ ಕೈಯಲ್ಲ.