ಅರಳಿ ಎಲೆಯ ಜಾಲರಿ ದೀಪ ಮಾಡುವುದು ಹೀಗೆ

ಅರಳಿ ಎಲೆಯನ್ನು ಹಿತ್ತಿಲ ತೊಟ್ಟಿಯಲ್ಲಿ ಕೊಳೆಹಾಕಿ, ಹಸಿರೆಲ್ಲ ಹೋಗಿ ಉಳಿದ ನರಗಳ ಬಲೆಯನ್ನು ಪಾಠಪುಸ್ತಕದೊಳಗೆ ಬಚ್ಚಿಡುತ್ತಿದ್ದೆವು. ನಮ್ಮ ರಜೆಯ ದೊಡ್ಡ ಕೆಲಸ ಅದು. ಈಗ ಅದೇ ಎಲೆಗಳಿಂದ ಮನೆಗೆ ದೀಪ ಮಾಡುತ್ತೇನೆ. ಮಾಡಲು ಕೂತವರಲ್ಲಿ ಬಹಳಷ್ಟು ಜನ ಕೆಡಿಸಿಕೊಳ್ಳುವುದನ್ನು ನೋಡಿದ್ದೇನೆ, ಅದೂ ಒಂದೇ ಹಂತದಲ್ಲಿ: ಎಲೆ ಹದಕ್ಕೆ ಬರುವ ಮೊದಲೇ ಉಜ್ಜಲು ಶುರು ಮಾಡುತ್ತಾರೆ.

ಬಲಿತ, ಕಡುಹಸಿರು ಎಲೆ ಆರಿಸಿ. ತಾಮ್ರ ಬಣ್ಣದ ಚಿಗುರಿಗೆ ನರ ಗಟ್ಟಿಯಿರುವುದಿಲ್ಲ, ಕೈಗೆ ಏನೂ ಉಳಿಯುವುದಿಲ್ಲ. ಅಶ್ವತ್ಥಕಟ್ಟೆಯ ಮರದಿಂದ ಕೀಳುವುದು ಹಿರಿಯರಿಗೆ ಹಿಡಿಸದು, ಕೀಳುವ ಅಗತ್ಯವೂ ಇಲ್ಲ. ಗಾಳಿಮಳೆಯ ಮರುದಿನ ಬೆಳಿಗ್ಗೆ ಹೋದರೆ ಹಸಿ ಎಲೆ ಬೇಕಾದಷ್ಟು ಬಿದ್ದಿರುತ್ತದೆ. ದೀಪಕ್ಕೆ 12 ಸಾಕು, ಆದರೂ 20 ನೆನೆಹಾಕಿ.

ಬಕೆಟ್ಟಿನ ನೀರಲ್ಲಿ ಎಲೆ ಮುಳುಗಿಸಿ, ತೇಲದಂತೆ ಮೇಲೊಂದು ತಟ್ಟೆ ಹೇರಿ. ಹಸಿರನ್ನು ತಿನ್ನುವುದು ನೀರಿನ ಬ್ಯಾಕ್ಟೀರಿಯಾ. ಹಾಗಾಗಿ ಕ್ಲೋರಿನ್ ಹಾಕಿದ ನಲ್ಲಿ ನೀರಿಗಿಂತ ಬಾವಿ ನೀರು, ಮಳೆ ನೀರು ಒಳ್ಳೆಯದು. ವಾರಕ್ಕೊಮ್ಮೆ ಅರ್ಧ ನೀರು ಮಾತ್ರ ಬದಲಿಸಿ. ಬಕೆಟ್ಟಿನ ಬಾಯಿಗೆ ಬಟ್ಟೆ ಕಟ್ಟಲೇಬೇಕು, ಇಲ್ಲದಿದ್ದರೆ ಸೊಳ್ಳೆ ಸಾಕಿದಂತಾಗುತ್ತದೆ. ನಾತ ಬರುತ್ತದೆ, ಹಿತ್ತಿಲಲ್ಲಿಡಿ. ಮೂರು-ನಾಲ್ಕು ವಾರ ಬೇಕು.

ಇನ್ನು ಹದ ನೋಡುವುದು. ಎಲೆ ಕಂದು ತಿರುಗಿತೆಂದು ಆತುರಪಡಬೇಡಿ, ಬಣ್ಣ ನಂಬುವಂಥದ್ದಲ್ಲ. ಎಲೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಹೊಸೆಯಿರಿ. ಮೇಲಿನ ಸಿಪ್ಪೆ ಕೆನೆಯಂತೆ ಜಾರಿದರೆ ಹದ ಬಂದಿದೆ. ಜಾರದೆ ಬಿಗಿಯಾಗಿದ್ದರೆ ಇನ್ನೂ ನಾಲ್ಕು ದಿನ ಬಿಡಿ. ತೊಟ್ಟಿನ ಹತ್ತಿರದ ಭಾಗ ಕೊನೆಗೆ ಹದವಾಗುತ್ತದೆ, ಅಲ್ಲೇ ಹೊಸೆದು ನೋಡಿ.

ಅಗಲ ತಟ್ಟೆಯಲ್ಲಿ ಒಂದು ಬೆರಳು ನೀರು ಹಾಕಿ, ಗಟ್ಟಿ ಪ್ಲಾಸ್ಟಿಕ್ ಹಾಳೆಯ ಮೇಲೆ ಎಲೆಯನ್ನು ಬೆನ್ನು ಮೇಲಾಗಿ ಮಲಗಿಸಿ. ತೀರಾ ಮೆತ್ತನೆಯ ಹಲ್ಲುಜ್ಜುವ ಬ್ರಷ್ ತೆಗೆದುಕೊಳ್ಳಿ. ಉಜ್ಜಬೇಡಿ, ತಟ್ಟಿ. ನಡುನರದಿಂದ ಅಂಚಿನ ಕಡೆಗೆ, ನರ ಹರಿದ ದಿಕ್ಕಿನಲ್ಲೇ ತಟ್ಟುತ್ತ ಬನ್ನಿ. ಅಡ್ಡ ಎಳೆದಿರೋ, ಸಣ್ಣ ನರಗಳ ಬಲೆ ಕಿತ್ತು ತೂತಾಗುತ್ತದೆ. ಹಸಿರು ಹೊಗೆಯಂತೆ ನೀರಿಗೆ ಬಿಡುತ್ತದೆ, ನೀರು ಮಬ್ಬಾದ ಕೂಡಲೇ ಬದಲಿಸಿ. ಮಗುಚುವಾಗ ಎಲೆಗೆ ಕೈ ಹಾಕಬೇಡಿ, ಇನ್ನೊಂದು ಹಾಳೆ ಮುಚ್ಚಿ ಎರಡನ್ನೂ ಸೇರಿಸಿ ತಿರುಗಿಸಿ. ತುದಿಯ ಉದ್ದ ಬಾಲವನ್ನು ಮಾತ್ರ ಯಾವತ್ತೂ ಹಿಡಿದೆತ್ತಬಾರದು, ಮೊದಲು ಮುರಿಯುವುದೇ ಅದು. ಒಂದು ಎಲೆಗೆ ಅರ್ಧ ಗಂಟೆ ಹಿಡಿದರೂ ಹಿಡಿಯಲಿ.

ವಾಷಿಂಗ್ ಸೋಡಾ ಹಾಕಿ ಕುದಿಸಿದರೆ ಅದೇ ದಿನ ಆಗುತ್ತದೆ ಎನ್ನುತ್ತಾರೆ. ಆಗುತ್ತದೆ ನಿಜ, ಆದರೆ ತುಸು ಹೆಚ್ಚು ಕುದಿದರೂ ಬಲೆ ಸಡಿಲವಾಗುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಂತೂ ಕುದಿಸಲೇಬೇಡಿ, ಸೋಡಾ ಅದನ್ನು ತಿನ್ನುತ್ತದೆ. ಬ್ಲೀಚ್ ಹಾಕಿ ಬಿಳಿ ಮಾಡುವುದೂ ಬೇಡ, ನಾರು ಹಪ್ಪಳದಂತೆ ಪುಡಿಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಬಣ್ಣ ಹಾಕಿದ ಜಾಲರಿ ಎಲೆಗಳನ್ನು ಒಮ್ಮೆ ಕೊಂಡಿದ್ದೆ. ಅಂಟು ತಾಗಿದ್ದೇ ಗುಲಾಬಿ ಬಣ್ಣ ಗಾಜಿನ ತುಂಬ ಇಳಿಯಿತು. ಚಹಾದ ಕಂದು ಬಣ್ಣವೇ ಚೆಂದ, ದೀಪ ಹಚ್ಚಿದಾಗ ಜೇನಿನಂತೆ ಕಾಣುತ್ತದೆ.

ಹಳೆ ಪತ್ರಿಕೆಗಳ ನಡುವೆ ಭಾರ ಹೇರಿ ಎರಡು ದಿನ ಒಣಗಿಸಿ.

ಅಗಲ ಬಾಯಿಯ ಗಾಜಿನ ಜಾಡಿ ತೊಳೆದು ಒರೆಸಿ. ಫೆವಿಕಾಲ್‌ಗೆ ಅಷ್ಟೇ ನೀರು ಬೆರೆಸಿ ಗಾಜಿಗೆ ತೆಳ್ಳಗೆ ಸವರಿ, ಎಲೆ ಕೂರಿಸಿ, ಒದ್ದೆ ಕುಂಚದಿಂದ ನಡುವಿನಿಂದ ಹೊರಕ್ಕೆ ಒತ್ತಿ. ಗ್ಲೂ ಗನ್ ಬೇಡವೇ ಬೇಡ, ಅದರ ಗಂಟುಗಳು ಬೆಳಕಿಗೆ ಕಪ್ಪಾಗಿ ಕಾಣುತ್ತವೆ. ಒಂದರ ಅಂಚು ಇನ್ನೊಂದರ ಮೇಲೆ ಬರಲಿ, ಎರಡು ಬಲೆ ಸೇರಿದ ಕಡೆ ನೆರಳು ದಟ್ಟವಾಗುತ್ತದೆ. ಬಾಲಗಳು ಕೆಳಮುಖವಾಗಿರಲಿ, ಮರದಲ್ಲಿ ಅವು ಇರುವುದೂ ಹಾಗೆಯೇ.

ಒಳಗೆ ಬ್ಯಾಟರಿಯ ಎಲ್‌ಇಡಿ ಸರ ಮಾತ್ರ ಇಡಿ. ಒಣ ಎಲೆಯ ಪಕ್ಕ ಮೇಣದಬತ್ತಿ, ಬಿಸಿಯಾಗುವ ಬಲ್ಬು ಕೂಡದು. ಧೂಳು ಕೂತರೆ ಒಣ ಕುಂಚದಿಂದ ಕೊಡವಿ, ಒದ್ದೆ ಬಟ್ಟೆ ಮುಟ್ಟಿಸಬೇಡಿ.