ಮಧ್ಯಾಹ್ನ ಒಂದೂವರೆಗೆ ಕಾರು ಹತ್ತುವವನ ಲೆಕ್ಕ

ಬೇಸಿಗೆ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಗ್ಗೆ 8ಕ್ಕೆ ಆರಂಭ, ಮಧ್ಯಾಹ್ನ 1.30ಕ್ಕೆ ಮುಕ್ತಾಯ. ನೌಕರರು ಬಿಸಿಲಿಗೆ ಬೇಯಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ ಕಾರಿನ ಕಡೆಯಿಂದ ನೋಡಿದರೆ ಇದಕ್ಕಿಂತ ಕೆಟ್ಟ ವೇಳಾಪಟ್ಟಿ ಇನ್ನೊಂದಿಲ್ಲ. ಐದೂವರೆ ಗಂಟೆ ಬಯಲಿನಲ್ಲಿ ಕಾಯಲು ಬಿಟ್ಟು, ಹೊರಗೆ 42-43 ಡಿಗ್ರಿ ಇರುವ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯಬೇಕು. ನಮ್ಮ ಕಚೇರಿಯ ಅಂಗಳಕ್ಕೆ ಹಾಸಿರುವುದು ಶಹಾಬಾದ್ ಫರಸಿ. ಮೇಲಿನ ಬಿಸಿಲು ಸಾಲದೆಂಬಂತೆ ಅದು ಕೆಳಗಿನಿಂದಲೂ ಕಾವು ಕೊಡುತ್ತದೆ. ಅಂಗಳದಲ್ಲಿ ಇರುವುದು ಒಂದೇ ಬೇವಿನ ಮರ. ಅದರ ನೆರಳು ಯಾರ ಗಾಡಿಗೆ ಮೀಸಲು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನದು 30 ಯೂನಿಟ್ ಬ್ಯಾಟರಿಯ ಬಿಳಿ ಎಲೆಕ್ಟ್ರಿಕ್ ಕಾರು. ಕೊಂಡ ದಿನದಿಂದ ಸಿಕ್ಕವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಎಸಿ ಹಾಕಿದರೆ ಬ್ಯಾಟರಿ ಎಷ್ಟು ತಿನ್ನುತ್ತದೆ?’ ಈ ಭಯಕ್ಕೆ ಎಸಿ ಆರಿಸಿ, ಕಿಟಕಿ ಇಳಿಸಿ, ಬೆವರು ಒರೆಸಿಕೊಳ್ಳುತ್ತ ಲಕ್ಷಾಂತರ ರೂಪಾಯಿಯ ಗಾಡಿ ಓಡಿಸುವವರನ್ನು ನಮ್ಮೂರಿನಲ್ಲಿ ಕಂಡಿದ್ದೇನೆ. ಅವರು ಪ್ರಶ್ನೆಯನ್ನೇ ತಪ್ಪಾಗಿ ಹಾಕಿಕೊಂಡಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಎಸಿ ಕಿಲೋಮೀಟರ್ ನೋಡಿ ತಿನ್ನುವುದಿಲ್ಲ, ಗಡಿಯಾರ ನೋಡಿ ತಿನ್ನುತ್ತದೆ.

ಕಾದ ಕಾರನ್ನು ತಣ್ಣಗೆ ಮಾಡುವಾಗ ಮೊದಲ ಕೆಲವು ನಿಮಿಷ ನನ್ನ ಕಾರಿನ ಎಸಿ ಎರಡು-ಮೂರು ಕಿಲೋವ್ಯಾಟ್ ಎಳೆಯುತ್ತದೆ. ಒಮ್ಮೆ ಹದಕ್ಕೆ ಬಂದರೆ ಒಂದು ಕಿಲೋವ್ಯಾಟ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ, ಅಂದರೆ ಗಂಟೆಗೆ ಒಂದು ಯೂನಿಟ್. ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ಹೋದರೆ ಆ 60 ಕಿ.ಮೀ.ಗೆ ಎಸಿಯ ಖರ್ಚು ಒಂದೇ ಯೂನಿಟ್. ಅದೇ 60 ಕಿ.ಮೀ.ಯನ್ನು ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಮುತ್ತಲ ದಟ್ಟಣೆಯಲ್ಲಿ ಗಂಟೆಗೆ 20ರಂತೆ ತೆವಳಿದರೆ ಮೂರು ಯೂನಿಟ್. ಹೀಗಾಗಿ ದೂರದ ಪಯಣಕ್ಕೆ ಎಸಿ ಆರಿಸುವುದರಲ್ಲಿ ಅರ್ಥವಿಲ್ಲ. ಆ ವೇಗದಲ್ಲಿ ಕಿಟಕಿ ತೆರೆದರೆ ಗಾಳಿಯ ಎಳೆತಕ್ಕೂ ಒಂದಿಷ್ಟು ತೆರಬೇಕಾಗುತ್ತದೆ. ಊರೊಳಗೆ ನಿಧಾನಕ್ಕೆ ಓಡುವಾಗ ಪ್ರಮಾಣದಲ್ಲಿ ಹೆಚ್ಚು ಹೋಗುತ್ತದೆ ನಿಜ. ಆದರೆ ಊರೊಳಗೆ ದಿನಕ್ಕೆ ಓಡುವುದೇ ಎಷ್ಟು? ರಾತ್ರಿ ಮನೆಯಲ್ಲಿ ಮತ್ತೆ ಚಾರ್ಜಿಗೆ ಹಾಕುವ ಗಾಡಿಗೆ ಅದೊಂದು ಲೆಕ್ಕವೇ ಅಲ್ಲ.

ಲೆಕ್ಕ ಇರಬೇಕಾದದ್ದು ಆ ಮೊದಲ ನಿಮಿಷಗಳದ್ದು. ಅಲ್ಲಿ ಎಸಿ ಯಾವುದರೊಡನೆ ಹೋರಾಡುತ್ತಿದೆ ಎಂದು ತಿಳಿಯುವ ಆಸೆಗೆ, ಫ್ರಿಜ್ ರಿಪೇರಿ ಮಾಡುವ ಪರಿಚಯದ ಮೆಕ್ಯಾನಿಕ್‌ನಿಂದ ಗುರಿಯಿಟ್ಟು ತಾಪ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ತಂದಿದ್ದೆ. ಒಂದೂವರೆಗೆ ಬಾಗಿಲು ತೆರೆದು ಡ್ಯಾಶ್‌ಬೋರ್ಡ್‌ಗೆ ಹಿಡಿದರೆ 70 ದಾಟಿತ್ತು. ಸ್ಟಿಯರಿಂಗ್ ಚಕ್ರದ ಮೇಲಂಚು ಅರವತ್ತರ ಮೇಲೆ. ಸೀಟಿನ ಕೆಳಗೆ, ಬಿಸಿಲು ಬೀಳದ ಕಾಲುಚಾಪೆಯ ಮೇಲೆ ಐವತ್ತರ ಒಳಗೆ. ಅಳೆದಾಗ ಸ್ಪಷ್ಟವಾದದ್ದು ಇಷ್ಟು: ತಾಪದ ಮೂಲ ಒಳಗಿನ ಗಾಳಿ ಅಲ್ಲ, ಗಾಜಿನ ಹಿಂದಿರುವ ಕಪ್ಪು ಪ್ಲಾಸ್ಟಿಕ್. ಬಿಸಿಲು ಗಾಜನ್ನು ದಾಟಿ ಒಳಗೆ ಬಂದು ಡ್ಯಾಶ್‌ಬೋರ್ಡನ್ನು ಕಾಯಿಸುತ್ತದೆ. ಕಾದ ಡ್ಯಾಶ್‌ಬೋರ್ಡ್ ಹೊರಸೂಸುವ ಶಾಖಕಿರಣ ಅದೇ ಗಾಜನ್ನು ದಾಟಲಾರದು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಚದರ ಮೀಟರ್‌ಗೆ ಹೆಚ್ಚುಕಡಿಮೆ ಒಂದು ಕಿಲೋವ್ಯಾಟ್ ಶಕ್ತಿ ಇರುತ್ತದೆ. ಮುಂಗಾಜಿನ ಅಳತೆಯೂ ಒಂದು ಚದರ ಮೀಟರ್‌ನ ಆಸುಪಾಸು. ಒಂದು ಇಸ್ತ್ರಿಪೆಟ್ಟಿಗೆಯನ್ನು ಹಚ್ಚಿ ಡ್ಯಾಶ್‌ಬೋರ್ಡ್ ಮೇಲೆ ಬೆಳಗ್ಗೆಯಿಂದ ಮರೆತು ಹೋದಂತೆ.

ಕಾರಿನೊಳಗಿನ ಗಾಳಿ ತೂಗಿದರೆ ನಾಲ್ಕು ಕೆ.ಜಿ.ಯೂ ಇರಲಿಕ್ಕಿಲ್ಲ. ಅದನ್ನು ಮೂವತ್ತು ಡಿಗ್ರಿ ಇಳಿಸಲು ಬೇಕಾದ ಶಕ್ತಿ ತೀರಾ ಅಲ್ಪ. ಸೀಟು, ಡ್ಯಾಶ್‌ಬೋರ್ಡ್, ಬಾಗಿಲಿನ ಹಲಗೆ, ಛಾವಣಿ ಇವುಗಳ ತೂಕ ಅದರ ಹತ್ತಾರು ಪಟ್ಟು. ಆದ್ದರಿಂದ ಹಿಂದಿನ ಎಡಗಿಟಕಿ ಇಳಿಸಿ, ಚಾಲಕನ ಬಾಗಿಲನ್ನು ಬೀಸಣಿಗೆಯ ಹಾಗೆ ನಾಲ್ಕಾರು ಸಲ ತೆರೆದು ಮುಚ್ಚಿ ಬಿಸಿಗಾಳಿ ಹೊರದೂಡುವ ಉಪಾಯ ಉಸಿರು ಕಟ್ಟುವುದನ್ನು ತಪ್ಪಿಸುತ್ತದೆ, ಅಷ್ಟೇ. ನಿಮಿಷದಲ್ಲಿ ಡ್ಯಾಶ್‌ಬೋರ್ಡ್ ಹೊಸ ಗಾಳಿಯನ್ನೂ ಕಾಯಿಸುತ್ತದೆ. ಕಿಟಕಿಯನ್ನು ಒಂದು ಬೆರಳಷ್ಟು ಇಳಿಸಿ ಹೋಗುವುದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಧೂಳು ಮಾತ್ರ ಧಾರಾಳವಾಗಿ ಒಳಗೆ ಬರುತ್ತದೆ. ಕಿಟಕಿಗೆ ಸಿಕ್ಕಿಸುವ ಸೋಲಾರ್ ಫ್ಯಾನ್ ಎಂಬ ಆಟಿಕೆಯ ಬಗ್ಗೆ ಮಾತಾಡದಿರುವುದೇ ಲೇಸು.

ಹಾಗಾದರೆ ಬಿಸಿಲು ಗಾಜನ್ನು ದಾಟದಂತೆ ನೋಡಿಕೊಳ್ಳಬೇಕು. ಇದಕ್ಕೆ ನಾನು ಮಾಡಿದ ಮೊದಲ ಕೆಲಸಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ: ಗಾಡಿ ನಿಲ್ಲಿಸುವ ದಿಕ್ಕು ಬದಲಿಸಿದೆ. ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡೂಕಾಲು ದಾಟಿದ ಮೇಲೆ. ಎಂಟರಿಂದ ಅಲ್ಲಿಯವರೆಗೆ ಬಿಸಿಲೆಲ್ಲ ಮೂಡಣದಿಂದ. ಅಂದರೆ ನನ್ನ ಗಾಡಿ ನಿಲ್ಲುವ ಐದೂವರೆ ಗಂಟೆಯಲ್ಲಿ ನಾಲ್ಕಕ್ಕೂ ಹೆಚ್ಚು ಗಂಟೆ ಸೂರ್ಯ ಪೂರ್ವದಲ್ಲಿಯೇ ಇರುತ್ತಾನೆ. ಮೂತಿಯನ್ನು ಪಡುವಣಕ್ಕೆ ಮಾಡಿ ನಿಲ್ಲಿಸಿದರೆ ದೊಡ್ಡ ಮುಂಗಾಜು ಬಿಸಿಲಿಗೆ ಬೆನ್ನು ತಿರುಗಿಸುತ್ತದೆ, ಚಿಕ್ಕದಾದ ಹಿಂಗಾಜು ಬಿಸಿಲುಣ್ಣುತ್ತದೆ. ಸಂಜೆ ಐದೂವರೆವರೆಗೆ ಕೆಲಸ ಮಾಡುವವರಿಗೆ ಈ ಲೆಕ್ಕ ತಲೆಕೆಳಗು. ಮೇ ಎರಡನೆಯ ವಾರದ ಹೊತ್ತಿಗಂತೂ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಹಾಯುತ್ತಾನೆ, ಕಂಬದ ನೆರಳು ಕಂಬದ ಬುಡದಲ್ಲೇ ಇರುತ್ತದೆ. ಆಗ ಪಕ್ಕದ ಕಿಟಕಿಗಳ ಚಿಂತೆ ಕಡಿಮೆ, ಛಾವಣಿ ಮತ್ತು ಒರಗಿದ ಮುಂಗಾಜಿನದೇ ಕಾಟ. ಗಾಜಿನ ಛಾವಣಿಯ ಗಾಡಿ ಬೇಡವೆಂದು ಷೋರೂಮಿನಲ್ಲೇ ಹಟ ಹಿಡಿದದ್ದು ಇದಕ್ಕೇ.

ಎರಡನೆಯದು ಧೋತರ. ಅಂಗಡಿಯಲ್ಲಿ ಸಿಗುವ ಬೆಳ್ಳಿಬಣ್ಣದ ಮಡಿಕೆ ಪರದೆ ಮುಂಗಾಜಿನ ಒಳಗಡೆ ನಿಲ್ಲುತ್ತದೆ. ಸ್ಟಿಯರಿಂಗ್ ಮುಟ್ಟುವಂತಿರುತ್ತದೆ ಎಂಬುದು ಅದರ ಲಾಭ. ಆದರೆ ಅಷ್ಟರಲ್ಲಿ ಬಿಸಿಲು ಗಾಜು ದಾಟಿಯಾಗಿರುತ್ತದೆ. ಪರದೆ ಹೀರಿಕೊಂಡ ಪಾಲು ಒಳಗೇ ಉಳಿಯುತ್ತದೆ. ಹೊರಗಿನಿಂದ ಮುಚ್ಚಿದರೆ ಆ ಪಾಲು ಗಾಳಿಗೆ ಹೋಗುತ್ತದೆ. ಅಪ್ಪನ ಹಳೆಯ ಬಿಳಿ ಧೋತರವನ್ನು ನಾಲ್ಕು ಮಡಿಕೆ ಮಾಡಿ ಮುಂಗಾಜಿನ ಮೇಲೆ ಹರಡುತ್ತೇನೆ. ಎರಡು ತುದಿಗಳನ್ನು ಮುಂದಿನ ಬಾಗಿಲುಗಳ ಸಂದಿಗೆ ಸೇರಿಸಿ ಬಾಗಿಲು ಹಾಕುತ್ತೇನೆ, ಕೆಳಗಂಚಿನ ಮೇಲೆ ವೈಪರ್ ಇಳಿಸುತ್ತೇನೆ. ಎಷ್ಟೇ ಗಾಳಿ ಬೀಸಿದರೂ ಜಗ್ಗುವುದಿಲ್ಲ. ಹಾಸುವ ಮೊದಲು ಗಾಜಿನ ಧೂಳು ಕೊಡವಬೇಕು, ಇಲ್ಲದಿದ್ದರೆ ಗೀರು ಬೀಳುತ್ತದೆ. ಧೋತರ ಹೊದ್ದ ದಿನ ಅದೇ ಹೊತ್ತಿಗೆ ಅಳೆದರೆ ಡ್ಯಾಶ್‌ಬೋರ್ಡ್ ಐವತ್ತರ ಆಚೀಚೆ. ಬಟ್ಟೆಯನ್ನು ಒದ್ದೆ ಮಾಡಿ ಹಾಕಿದರೆ ನಮ್ಮ ಒಣಹವೆಯಲ್ಲಿ ಇನ್ನೂ ಇಳಿಯುತ್ತದೆ ಎಂಬುದು ನಿಜ. ಆದರೆ ಕೊಡ ನೀರಿಗೆ ಪಾಳಿ ಹಚ್ಚುವ ಊರಿನಲ್ಲಿ ಕಾರಿಗೆ ನೀರು ಹಾಕಲು ನನಗೆ ಮನಸ್ಸಾಗುವುದಿಲ್ಲ. ಕಾದ ಗಾಜಿಗೆ ತಣ್ಣೀರು ಎರಚುವುದಂತೂ ಬೇಡವೇ ಬೇಡ. ಕಲ್ಲು ಸಿಡಿದು ಚಿಕ್ಕ ಚುಕ್ಕೆ ಬಿದ್ದ ಗಾಜಾದರೆ ಅಲ್ಲಿಂದಲೇ ಬಿರುಕು ಓಡುತ್ತದೆ.

ಸೀಟುಗಳಿಗೆ ರೆಕ್ಸಿನ್ ಹೊದಿಕೆಯ ಮೇಲೆ ತೆಳು ಕೌದಿ ಹಾಸಿದ್ದೇನೆ. ನೋಡಲು ಚೆಂದವಿಲ್ಲ ಎಂದು ಮಗಳ ತಕರಾರು. ಕೂರುವವನು ನಾನು.

ಇಷ್ಟಾದ ಮೇಲೆ ಎಸಿಯ ಸರದಿ. ಪೆಟ್ರೋಲ್ ಕಾರಿನಲ್ಲಿ ಕಂಪ್ರೆಸರ್ ಇಂಜಿನ್‌ನ ಬೆಲ್ಟಿಗೆ ಕಟ್ಟಿಕೊಂಡಿರುತ್ತದೆ. ಇಂಜಿನ್ ಓಡದೆ ತಂಪಿಲ್ಲ, ನಿಂತಲ್ಲಿ ಓಡಿದರೂ ತಂಪು ಮಂದ. ಎಲೆಕ್ಟ್ರಿಕ್ ಕಾರಿನ ಕಂಪ್ರೆಸರ್‌ಗೆ ತನ್ನದೇ ಮೋಟಾರ್ ಇದೆ, ನಿಂತಲ್ಲಿಯೇ ಪೂರ್ಣ ಬಲದಿಂದ ಓಡುತ್ತದೆ. ಕಚೇರಿ ಬಿಡುವ ಹತ್ತು ನಿಮಿಷ ಮೊದಲು ಮೊಬೈಲ್‌ನಿಂದಲೇ ಎಸಿ ಹಚ್ಚುತ್ತೇನೆ. ಇದರ ಖರ್ಚು ಅರ್ಧ ಯೂನಿಟ್ ಒಳಗೇ, ಮೂರು ಕಿ.ಮೀ. ಓಟಕ್ಕೆ ಸಮ. ಮೊದಮೊದಲು ಕಾವಲುಗಾರ ಗಾಬರಿಯಿಂದ ಮೇಲೆ ಓಡಿ ಬಂದಿದ್ದ. ‘ಸಾಹೇಬರೇ, ಒಳಗೆ ಯಾರೂ ಇಲ್ಲ, ಗಾಡಿ ತಾನೇ ಚಾಲೂ ಆಗಿ ಗುರುಗುಡುತ್ತಿದೆ!’ ಈಗ ಆ ಸದ್ದು ಕೇಳಿದರೆ ಸಾಹೇಬರು ಇಳಿದು ಬರುತ್ತಾರೆಂದು ಗಾಡಿಯ ಹತ್ತಿರ ಬಂದು ನಿಲ್ಲುತ್ತಾನೆ, ನಾನು ಬಾಗಿಲು ತೆರೆದೊಡನೆ ಅವನೇ ಧೋತರ ತೆಗೆದು ಮಡಿಚಿಡುತ್ತಾನೆ. ಬೆಳಗ್ಗೆ ಮನೆಯಲ್ಲಿ ಚಾರ್ಜರ್ ತೆಗೆಯುವ ಮೊದಲೇ ಎಸಿ ಹಚ್ಚಿದರೆ ಆ ಖರ್ಚೂ ಬ್ಯಾಟರಿಯದಲ್ಲ, ಗೋಡೆಯ ಸಾಕೆಟ್‌ನದು. ಒಂದು ಎಚ್ಚರಿಕೆ: ಮೊಬೈಲ್‌ನಿಂದ ಎಸಿ ಬರುತ್ತದೆಂಬ ಧೈರ್ಯದ ಮೇಲೆ ಮಗುವನ್ನಾಗಲಿ ನಾಯಿಯನ್ನಾಗಲಿ ಒಳಗೆ ಬಿಟ್ಟು ಹೋಗಬಾರದು. ನನ್ನ ಕಾರಿನಲ್ಲಿ ಅದು ಒಂದಿಷ್ಟು ಹೊತ್ತು ಓಡಿ ತಾನೇ ಆರುತ್ತದೆ. ಸಿಗ್ನಲ್ ಕೈಕೊಟ್ಟರೆ ಹತ್ತುವುದೂ ಇಲ್ಲ.

ಓಡಿಸುವಾಗ 24-25 ಡಿಗ್ರಿಗೆ ಇಟ್ಟು ಆಟೋ ಒತ್ತಿ ಸುಮ್ಮನಿರುತ್ತೇನೆ. 18ಕ್ಕೆ ಇಳಿಸಿದರೆ ಬೇಗ ತಂಪಾಗುತ್ತದೆಂಬುದು ಭ್ರಮೆ. ಕಾದ ಕಾರಿನಲ್ಲಿ ಎರಡಕ್ಕೂ ಕಂಪ್ರೆಸರ್ ಪೂರ್ಣ ಬಲದಲ್ಲೇ ಓಡುತ್ತದೆ. ಮೊದಲ ಒಂದೆರಡು ನಿಮಿಷ ಹೊರಗಾಳಿ, ಒಳಗಿನ ತಾಪ ಹೊರಗಿನದಕ್ಕಿಂತ ಇಳಿದೊಡನೆ ಒಳಗಾಳಿಯನ್ನೇ ಸುತ್ತಿಸುವ ಗುಂಡಿ. 43 ಡಿಗ್ರಿಯ ಗಾಳಿಯನ್ನು ಪ್ರತಿಕ್ಷಣ ಹೊಸದಾಗಿ ತಣಿಸುವುದಕ್ಕಿಂತ ತಣಿದ ಗಾಳಿಯನ್ನೇ ಮತ್ತೆ ತಣಿಸುವುದು ಸುಲಭ. ದೂರದ ಓಟದಲ್ಲಿ ಮಾತ್ರ ಆಗಾಗ ಹೊರಗಾಳಿ ಬಿಡಬೇಕು, ಇಲ್ಲದಿದ್ದರೆ ಉಸಿರು ಬಿಟ್ಟ ಗಾಳಿಯೇ ಸುತ್ತಿ ತೂಕಡಿಕೆ ಬರುತ್ತದೆ. ಅವ್ವನಿಗೆ ಎಸಿ ಗಾಳಿ ಮುಖಕ್ಕೆ ಬಡಿದರೆ ತಲೆನೋವು. ಅವಳು ಕೂತ ದಿನ ಮುಂದಿನ ಕಿಂಡಿಗಳನ್ನು ಛಾವಣಿಯ ಕಡೆಗೆ ತಿರುಗಿಸುತ್ತೇನೆ. ತಣ್ಣನೆಯ ಗಾಳಿ ತಾನಾಗಿ ಕೆಳಗಿಳಿದು ಹಿಂದಿನ ಸೀಟು ತಲುಪುತ್ತದೆ.

ಗಾಜಿಗೆ ಫಿಲ್ಮ್ ಹಚ್ಚಿಸಿ ಎನ್ನುವವರು ಬಹಳ. ಕಪ್ಪು ಫಿಲ್ಮ್‌ಗೆ ಸುಪ್ರೀಂ ಕೋರ್ಟ್ 2012ರಲ್ಲಿಯೇ ಕಡಿವಾಣ ಹಾಕಿದೆ. ಮುಂದಿನ-ಹಿಂದಿನ ಗಾಜಿನಲ್ಲಿ ಶೇ 70, ಪಕ್ಕದ್ದರಲ್ಲಿ ಶೇ 50ರಷ್ಟು ಬೆಳಕು ಹಾಯಲೇಬೇಕೆಂಬುದು ನಿಯಮ. ಈ ಮಿತಿಯೊಳಗಿನ ಫಿಲ್ಮ್‌ಗೆ ಅಡ್ಡಿಯಿಲ್ಲವೆಂದು ಕೇರಳ ಹೈಕೋರ್ಟ್ 2024ರಲ್ಲಿ ಹೇಳಿದೆ. ಬಿಸಿಲಿನ ಶಕ್ತಿಯಲ್ಲಿ ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳದ್ದಾದ್ದರಿಂದ, ಅವನ್ನು ಮಾತ್ರ ತಡೆಯುವ ತಿಳಿ ಫಿಲ್ಮ್‌ನಿಂದ ಪ್ರಯೋಜನ ಇದ್ದೇ ಇದೆ. ಆದರೂ ರಸ್ತೆ ಬದಿಯಲ್ಲಿ ಪೊಲೀಸರಿಗೆ ಶೇಕಡಾವಾರು ಪಾಠ ಹೇಳುತ್ತ ನಿಲ್ಲುವ ತಾಳ್ಮೆ ನನಗಿಲ್ಲ. ಪಕ್ಕದ ಕಿಟಕಿಗಳಿಗೆ ಅಯಸ್ಕಾಂತದ ಜಾಳಿಗೆ ಪರದೆ ಹಾಕುತ್ತೇನೆ, ಅದೂ ಗಾಡಿ ನಿಂತಾಗ ಮಾತ್ರ.

ಮಾರ್ಚ್ ಮುಗಿಯುವುದರೊಳಗೆ ಗ್ಲವ್‌ಬಾಕ್ಸ್ ಹಿಂದಿನ ಫಿಲ್ಟರ್ ತೆಗೆದು ನೋಡಬೇಕು. ನನ್ನದರಲ್ಲಿ ಮಡಿಕೆ ಮಡಿಕೆಗೂ ಕರಿಮಣ್ಣಿನ ಧೂಳು, ನಡುನಡುವೆ ತೊಗರಿ ಹೊಟ್ಟು. ಫ್ಯಾನ್ ಜೋರಾಗಿ ಅರಚುತ್ತಿದ್ದರೂ ಗಾಳಿ ಬಾರದಿರಲು ಅದೇ ಕಾರಣವಾಗಿತ್ತು. ಮುಂದಿನ ಜಾಲರಿಯ ಹಿಂದೆ ಎಸಿಯ ಶಾಖವನ್ನು ಹೊರಬಿಡುವ ಕಂಡೆನ್ಸರ್‌ಗೂ ಮೆಲ್ಲನೆ ನೀರು ಬಿಡಿಸಿದರೆ ಒಳ್ಳೆಯದು. ಜೋರು ಪಂಪು ಹಿಡಿದರೆ ಅದರ ತೆಳು ರೆಕ್ಕೆಗಳು ಮಡಿಚಿಕೊಳ್ಳುತ್ತವೆ.

ಇನ್ನು ದೂರದ ಪಯಣ. ಅವ್ವನನ್ನು ಆಸ್ಪತ್ರೆಗೆ ತೋರಿಸಲು ಹುಮನಾಬಾದ್ ಮೇಲೆ ಹೈದರಾಬಾದಿಗೆ ಹೋಗುವುದುಂಟು. ದಾರಿಯಲ್ಲಿ ಒಮ್ಮೆ ವೇಗದ ಚಾರ್ಜರ್‌ಗೆ ನಿಲ್ಲಲೇಬೇಕು. ಮಧ್ಯಾಹ್ನ ಅಲ್ಲಿ ಕೂತರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿ ಕಾಯುತ್ತದೆ, ಅದನ್ನು ತಣಿಸುವುದೂ ಅದೇ ಕಂಪ್ರೆಸರ್. ಇರುವ ತಂಪನ್ನು ಬ್ಯಾಟರಿಗೂ ನಮಗೂ ಹಂಚಬೇಕಾದಾಗ ಕಾರು ಮೊದಲು ಬ್ಯಾಟರಿಯನ್ನೇ ನೋಡಿಕೊಳ್ಳುತ್ತದೆ. ಮುಂದಿನ ಫ್ಯಾನ್ ಅಬ್ಬರಿಸುತ್ತದೆ, ಒಳಗೆ ಬರುವ ಗಾಳಿ ಮಂಕಾಗುತ್ತದೆ. ಗಾಡಿ ಕೆಟ್ಟಿತೆಂದು ಹೆದರುವ ಅಗತ್ಯವಿಲ್ಲ, ಒಳಗೆ ಕೂತು ಹಟ ಮಾಡುವ ಅಗತ್ಯವೂ ಇಲ್ಲ. ಎಸಿ ಆರಿಸಿ, ಅವ್ವನನ್ನು ಹೋಟೆಲಿನ ಫ್ಯಾನಿನ ಕೆಳಗೆ ಕೂರಿಸಿ ಚಹಾ ಹೇಳುತ್ತೇನೆ. ಚಾರ್ಜ್ ಶೇ 80 ಮುಟ್ಟಿದಾಗ ನಿಲ್ಲಿಸಿ, ಬಿಲ್ ಕೊಟ್ಟು ಬರುವಷ್ಟರಲ್ಲಿ ಮೊಬೈಲ್‌ನಿಂದ ಎಸಿ ಹಚ್ಚಿದರೆ ಅವಳು ಹತ್ತುವ ಹೊತ್ತಿಗೆ ಹಿಂದಿನ ಸೀಟು ಕೂರುವಂತಾಗಿರುತ್ತದೆ.