ಕಾರವಾರದ ತೀರದಿಂದ ವೃಶ್ಚಿಕ ನೋಡುವುದು: ಯಾವಾಗ, ಎಲ್ಲಿ, ಹೇಗೆ

ಹನ್ನೆರಡು ರಾಶಿಗಳಲ್ಲಿ ಹೆಸರಿಗೆ ತಕ್ಕ ಆಕಾರ ಇರುವವು ತೀರಾ ಕಡಿಮೆ. ಕುಂಭ, ಮೀನ, ಕರ್ಕಾಟಕಗಳನ್ನು ನಕ್ಷೆ ಕೈಯಲ್ಲಿ ಹಿಡಿದೇ ಹುಡುಕಬೇಕು, ಸಿಕ್ಕ ಮೇಲೂ ಕೊಡವೋ ಮೀನೋ ಕಣ್ಣಿಗೆ ಕಟ್ಟುವುದಿಲ್ಲ. ವೃಶ್ಚಿಕ ಹಾಗಲ್ಲ. ತಲೆ, ಕೆಂಪು ಎದೆ, ಬಾಗಿದ ಬಾಲ, ತುದಿಯ ಕೊಂಡಿ, ಎಲ್ಲವೂ ಇದ್ದಲ್ಲೇ ಇವೆ. ಆಕಾಶ ನೋಡಲು ಹೊಸದಾಗಿ ಶುರು ಮಾಡುವವರು ಇದರಿಂದಲೇ ಶುರು ಮಾಡುವುದು ಒಳ್ಳೆಯದು.

ನಮ್ಮ ಕರಾವಳಿಗೆ ಇಲ್ಲಿ ಒಂದು ಅನುಕೂಲ, ಒಂದು ತೊಡಕು. ಕಾರವಾರ ಇರುವುದು ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಚೇಳಿನ ಎದೆಯ ನಕ್ಷತ್ರ ಜ್ಯೇಷ್ಠಾ (ಅಂಟಾರಿಸ್) ದಕ್ಷಿಣದಲ್ಲಿ 49 ಡಿಗ್ರಿ ಎತ್ತರಕ್ಕೆ ಏರುತ್ತದೆ, ಬಾಲದ ಅತಿ ತಗ್ಗಿನ ಬಾಗೂ 32 ಡಿಗ್ರಿಗೆ ಬರುತ್ತದೆ. ಲಂಡನ್ನಿನವರಿಗೆ ಆ ಬಾಗು ದಿಗಂತ ದಾಟಿ ಮೇಲೆ ಬರುವುದೇ ಇಲ್ಲ. ತೊಡಕು ಮಳೆಯದು. ಚೇಳು ರಾತ್ರಿಯಿಡೀ ಆಕಾಶದಲ್ಲಿರುವ ಜೂನ್ ತಿಂಗಳಲ್ಲೇ ಮುಂಗಾರು ಕರಾವಳಿಗೆ ಬಂದಿರುತ್ತದೆ. ಆದ್ದರಿಂದ ನಮಗೆ ಸಿಗುವುದು ಎರಡು ಅವಧಿ: ಮಾರ್ಚ್ ಕೊನೆಯಿಂದ ಮೇ ಕೊನೆಯವರೆಗೆ ಒಂದು, ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ ಇನ್ನೊಂದು.

ಹೊತ್ತು ಮತ್ತು ಜಾಗ

ಜ್ಯೇಷ್ಠಾ ನಕ್ಷತ್ರ ಕಾರವಾರದಲ್ಲಿ ಏಪ್ರಿಲ್ 10ರ ಸುಮಾರಿಗೆ ರಾತ್ರಿ 10.15ಕ್ಕೆ ಹುಟ್ಟುತ್ತದೆ. ಮೇ 15ಕ್ಕೆ 8 ಗಂಟೆಗೇ ಬಂದಿರುತ್ತದೆ. ಲೆಕ್ಕ ಸುಲಭ: ದಿನಕ್ಕೆ 4 ನಿಮಿಷ ಬೇಗ, ತಿಂಗಳಿಗೆ 2 ಗಂಟೆ. ಆದರೆ ಹುಟ್ಟಿದ ಕೂಡಲೇ ಕಾಣುತ್ತದೆ ಅಂದುಕೊಳ್ಳಬೇಡಿ. ಅದು ಬರುವುದು ಪೂರ್ವಕ್ಕಿಂತ 27 ಡಿಗ್ರಿ ದಕ್ಷಿಣಕ್ಕೆ, ಅಂದರೆ ಗುಡ್ಡಗಳ ಕಡೆಯಿಂದ. ಗುಡ್ಡದ ನೆತ್ತಿ ನೀವು ನಿಂತಲ್ಲಿಂದ 10 ಡಿಗ್ರಿ ಎತ್ತರ ಕಂಡರೆ ಸುಮಾರು 45 ನಿಮಿಷ ಕಾಯಬೇಕು. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಹೆಚ್ಚುಕಡಿಮೆ 10 ಡಿಗ್ರಿ. ಗುಡ್ಡವನ್ನು ಹಾಗೇ ಅಳೆದುಕೊಂಡರೆ ಎಷ್ಟು ಹೊತ್ತಿಗೆ ಹೊರಡಬೇಕೆಂದು ಮನೆಯಲ್ಲೇ ತಿಳಿಯುತ್ತದೆ.

ಊರ ಬೀಚಿನಲ್ಲಿ ಹೆದ್ದಾರಿಯ ದೀಪ ಬೆನ್ನಿಗೇ ಬೀಳುತ್ತದೆ, ನೈಋತ್ಯಕ್ಕೆ ಬೈತಖೋಲ್ ಬಂದರಿನ ಬೆಳಕಿದೆ. ಮಾಜಾಳಿ ಅಥವಾ ದೇವಬಾಗದ ಕಡೆ ಹೋದರೆ ಕತ್ತಲೆ ಚೆನ್ನಾಗಿ ಸಿಗುತ್ತದೆ. ಶಿರಸಿ ಕಡೆಯವರಿಗೆ ಕಡಲ ಮಬ್ಬಿಲ್ಲ, ಗಾಳಿ ತಿಳಿಯಾಗಿರುತ್ತದೆ, ಆದರೆ ಮನೆಯ ದಕ್ಷಿಣಕ್ಕೆ ಅಡಿಕೆ ತೋಟವಿದ್ದರೆ ಅಂಗಳದಿಂದ ಬಾಲ ಕಾಣುವುದಿಲ್ಲ. ಗದ್ದೆ ಬಯಲಿಗೋ ಕೆರೆ ಏರಿಗೋ ಹೋಗಬೇಕು. ಏಪ್ರಿಲ್-ಮೇಯಲ್ಲಿ ಸಂಜೆ ಒಂದು ಗುಡುಗು ಮಳೆ ಹೊಡೆದು ಮೋಡ ಹರಿದರೆ ಆ ರಾತ್ರಿ ಬಿಡಲೇಬೇಡಿ, ಧೂಳೆಲ್ಲ ಕೆಳಗಿಳಿದಿರುತ್ತದೆ.

ಚಂದ್ರನ ವಿಷಯದಲ್ಲಿ ರಾಜಿ ಬೇಡ. ವೈಶಾಖ, ಜ್ಯೇಷ್ಠ ಮಾಸಗಳ ಹುಣ್ಣಿಮೆಯ ಚಂದ್ರ ವಿಶಾಖಾ, ಜ್ಯೇಷ್ಠಾ ನಕ್ಷತ್ರಗಳ ಆಸುಪಾಸಿನಲ್ಲೇ ಇರುತ್ತಾನೆ, ಅಂದರೆ ಚೇಳಿನ ತಲೆಯ ಮೇಲೆಯೇ. ಅಮಾವಾಸ್ಯೆಯ ಹಿಂದುಮುಂದಿನ ಐದೈದು ದಿನ ಆರಿಸಿಕೊಳ್ಳಿ.

ಹುಡುಕುವ ಕ್ರಮ

ಕಣ್ಣು ಕತ್ತಲೆಗೆ ಒಗ್ಗಲು 20ರಿಂದ 30 ನಿಮಿಷ ಬೇಕು, ಮೊಬೈಲ್ ಪರದೆ ಒಮ್ಮೆ ನೋಡಿದರೂ ಮತ್ತೆ ಮೊದಲಿನಿಂದ. ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಎರಡು ಪದರ ಸುತ್ತಿ. ನಮ್ಮ ತೀರದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ: ಬೇಸಿಗೆವರೆಗೂ ಕಡಲಾಮೆಗಳ ಗೂಡು ಮರಳಲ್ಲಿರುತ್ತವೆ, ಬಿಳಿ ಬೆಳಕು ಮರಿಗಳ ದಾರಿ ತಪ್ಪಿಸುತ್ತದೆ.

ಮೊದಲು ಕೆಂಪು ನಕ್ಷತ್ರವನ್ನು ಹಿಡಿಯಿರಿ. ಮೇ ಮಧ್ಯದಲ್ಲಿ ರಾತ್ರಿ 10.30ಕ್ಕೆ ಅದು ಆಗ್ನೇಯದಲ್ಲಿ ಮೂರು ಮುಷ್ಟಿ ಎತ್ತರದಲ್ಲಿರುತ್ತದೆ. ಅದರ ಎರಡೂ ಪಕ್ಕಕ್ಕೆ ಒಂದೊಂದು ಮಂಕು ಚುಕ್ಕಿ ಕಂಡರೆ ಅದೇ ಜ್ಯೇಷ್ಠಾ. ಈ ಗುರುತು ಮುಖ್ಯ, ಏಕೆಂದರೆ ಸುಮಾರು ಎರಡು ವರ್ಷಕ್ಕೊಮ್ಮೆ ಮಂಗಳ ಗ್ರಹ ಇದೇ ದಾರಿಯಲ್ಲಿ ಹಾದು ಹೋಗುತ್ತದೆ, ಬಣ್ಣವೂ ಅದೇ. ಮಂಗಳ ಮಿನುಗುವುದಿಲ್ಲ, ಅದಕ್ಕೆ ಅಕ್ಕಪಕ್ಕದ ಆ ಜೋಡಿಯೂ ಇಲ್ಲ.

ಜ್ಯೇಷ್ಠಾದಿಂದ ತಲೆಯ ಕಡೆಗೆ, ಮೇಲೆ ಬಲಕ್ಕೆ ಹೋಗಿ. ಸಾಲಾಗಿ ಮೂರು ನಕ್ಷತ್ರ ಸಿಗುತ್ತವೆ, ಅದು ಅನುರಾಧಾ. ನಡುವಿನದು ಡೆಲ್ಟಾ (ಜುಬ್ಬಾ). 2000ನೇ ಇಸವಿಯಲ್ಲಿ ಅದು ಇದ್ದಕ್ಕಿದ್ದಂತೆ ಹೆಚ್ಚು ಪ್ರಕಾಶಿಸತೊಡಗಿತು. ವೇಗವಾಗಿ ತಿರುಗುವ ಆ ನಕ್ಷತ್ರ ಹೊರಚೆಲ್ಲಿದ ಅನಿಲ ಸುತ್ತಲೂ ತಟ್ಟೆಯಾಗಿ ಹರಡಿದ್ದೇ ಅದಕ್ಕೆ ಕಾರಣ. ಹಳೆಯ ನಕ್ಷೆಗಳಲ್ಲಿ ಅದರ ಚುಕ್ಕಿ ಸಣ್ಣದಿದ್ದರೆ ಗಾಬರಿ ಬೇಡ.

ಈಗ ಹಿಂದಿರುಗಿ ಕೆಳಕ್ಕೆ. ಜ್ಯೇಷ್ಠಾದಿಂದ ಬಾಲ ಕೆಳಗಿಳಿದು, ಎಡಕ್ಕೆ ಬಾಗಿ, ಮತ್ತೆ ಮೇಲೆದ್ದು ಕೊಂಡಿಯಲ್ಲಿ ಮುಗಿಯುತ್ತದೆ. ಪೆಸಿಫಿಕ್ ದ್ವೀಪಗಳ ಜನ ಇದನ್ನು ಚೇಳೆಂದು ಕಂಡವರಲ್ಲ. ವೀರ ಮಾವಿ ಕಡಲಿನಿಂದ ದ್ವೀಪಗಳನ್ನೇ ಎತ್ತಿದ ಮೀನಿನ ಗಾಳ ಅನ್ನುತ್ತಾರೆ. ಗಾಳ ಹಾಕಿ ಬಲ್ಲವರು ಒಮ್ಮೆ ಹಾಗೆ ನೋಡಿದರೆ ಬಾಗಿನ ಜಾಡು ತಪ್ಪುವುದಿಲ್ಲ. ಕೊಂಡಿಯಲ್ಲಿ ಒತ್ತೊತ್ತಾಗಿ ಎರಡು: ದೊಡ್ಡದು ಶೌಲಾ, ಸಣ್ಣದು ಲೆಸಾತ್. ತಲೆಯಿಂದ ಕೊಂಡಿಗೆ ಒಟ್ಟು 26 ಡಿಗ್ರಿ, ಚಾಚಿದ ತೋಳಿನಲ್ಲಿ ಒಂದು ಗೇಣು, ಮೇಲೆ ಮೂರು ಬೆರಳು. ಅಷ್ಟು ದೊಡ್ಡದನ್ನು ಸಣ್ಣ ಜಾಗದಲ್ಲಿ ಹುಡುಕಿ ಸೋಲುವವರೇ ಹೆಚ್ಚು.

ಎಷ್ಟು ಮಾಡಿದರೂ ಸಿಗದಿದ್ದರೆ ಮನೆಯ ಪಂಚಾಂಗ ತೆಗೆಯಿರಿ. ನಿತ್ಯ ನಕ್ಷತ್ರದಲ್ಲಿ ಅನುರಾಧಾ ಮುಗಿದು ಜ್ಯೇಷ್ಠಾ ಶುರುವಾಗುವುದು ರಾತ್ರಿಯಲ್ಲಿರುವ ದಿನ ಹುಡುಕಿ. ಆ ಹೊತ್ತಿಗೆ ಚಂದ್ರನ ತೀರಾ ಹತ್ತಿರ ಕಾಣುವ ಕೆಂಪು ನಕ್ಷತ್ರವೇ ಅದು. ಜಾಗ ಗುರುತು ಹಾಕಿಕೊಂಡು ವಾರ ಬಿಟ್ಟು ಬನ್ನಿ.

ಪಂಚಾಂಗದ ವೃಶ್ಚಿಕ, ಆಕಾಶದ ಚೇಳು

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಮೂಲಾ ನಕ್ಷತ್ರ ಧನು ರಾಶಿ ಎಂದು ಎಲ್ಲರಿಗೂ ಗೊತ್ತು. ಆಕಾಶದಲ್ಲಿ ನೋಡಿದರೆ ಮೂಲಾ ಎಂದರೆ ಚೇಳಿನ ಬಾಲ, ಕೊಂಡಿ. ಎರಡೂ ಸರಿಯೇ. ಪಂಚಾಂಗ ಕ್ರಾಂತಿವೃತ್ತವನ್ನು, ಅಂದರೆ ನಕ್ಷತ್ರಗಳ ನಡುವೆ ಸೂರ್ಯ ಸಾಗುವ ದಾರಿಯನ್ನು, 30 ಡಿಗ್ರಿಯ ಹನ್ನೆರಡು ಸಮಪಾಲು ಮಾಡುತ್ತದೆ, ವೃಶ್ಚಿಕ 210ರಿಂದ 240ರವರೆಗೆ. ಶೌಲಾ ಬೀಳುವುದು 240 ದಾಟಿ ಒಂದು ಡಿಗ್ರಿಯೊಳಗೆ, ಹಾಗಾಗಿ ಅದು ಧನುವಿನ ಲೆಕ್ಕಕ್ಕೆ ಹೋಗುತ್ತದೆ. ಖಗೋಳಜ್ಞರ ಗಡಿಗಳು ಸಮಪಾಲಲ್ಲ. ಅವರ ವೃಶ್ಚಿಕ ಪುಂಜದಲ್ಲಿ ಸೂರ್ಯ ಇರುವುದು ನವೆಂಬರ್ ಕೊನೆಯಲ್ಲಿ ಒಂದು ವಾರ ಮಾತ್ರ, ಪಂಚಾಂಗದ ವೃಶ್ಚಿಕ ಮಾಸವಾದರೋ ನವೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ. ಮಕ್ಕಳಿಗೆ ತೋರಿಸುವಾಗ ಇದನ್ನು ಮೊದಲೇ ಹೇಳಿಬಿಡಿ.

ದೇವತೆಗಳೂ ತುಂಡು ತುಂಡಾಗಿಯೇ ಹಂಚಿಕೆ: ಅನುರಾಧಾಕ್ಕೆ ಮಿತ್ರ, ಜ್ಯೇಷ್ಠಾಕ್ಕೆ ಇಂದ್ರ, ಮೂಲಾಕ್ಕೆ ನಿರೃತಿ. ಕೊಂಡಿಯ ಜೋಡಿಯನ್ನು ಅಥರ್ವವೇದ ವಿಚೃತೌ ಎಂದು ಕರೆದು, ರೋಗದ ಕಟ್ಟು ಬಿಡಿಸುವಂತೆ ಬೇಡುತ್ತದೆ. ಮೂಲಾ ಎಂದರೆ ಕೆಡುಕೆಂದು ಹೆದರುವವರಿಗೆ ಈ ಜೋಡಿಯನ್ನು ತೋರಿಸಬೇಕು.

ಚೇಳಿನ ಕಥೆ ಪಶ್ಚಿಮದ್ದು. ಬ್ಯಾಬಿಲೋನಿಯದವರು ಆಗಲೇ ಇದನ್ನು ಚೇಳೆಂದು ಕರೆದಿದ್ದರು. ಗ್ರೀಕರ ಚೇಳಿಗೆ ಮೊದಲು ಉದ್ದ ಇಕ್ಕಳಗಳಿದ್ದವು, ಅವನ್ನು ಕಡಿದು ತುಲಾ ಮಾಡಿದ್ದು ಆಮೇಲೆ. ಬೇಟೆಗಾರ ಓರಿಯನ್ ಭೂಮಿಯ ಮೇಲಿನ ಪ್ರಾಣಿಗಳನ್ನೆಲ್ಲ ಕೊಲ್ಲುತ್ತೇನೆಂದು ಜಂಬ ಕೊಚ್ಚಿದ. ಭೂದೇವಿ ಗಾಯಾ ಚೇಳನ್ನು ಕಳಿಸಿದಳು, ಅದು ಕುಟುಕಿ ಕೊಂದಿತು. ಇಬ್ಬರನ್ನೂ ಆಕಾಶದ ಎದುರುಬದುರು ತುದಿಯಲ್ಲಿಟ್ಟರು, ಚೇಳು ಹುಟ್ಟುವಾಗ ಓರಿಯನ್ ಮುಳುಗುತ್ತಾನೆ.

ಇದನ್ನು ಕಾರವಾರದಲ್ಲಿ ಪರೀಕ್ಷಿಸಬಹುದು. ಲೆಕ್ಕದ ಪ್ರಕಾರ ಇಲ್ಲಿ ಕಥೆ ಪೂರ್ತಿ ಹೊಂದುವುದಿಲ್ಲ: ಜ್ಯೇಷ್ಠಾ ಹುಟ್ಟುವ ಕ್ಷಣಕ್ಕೆ ಓರಿಯನ್ನನ ಕಾಲಿನ ರೈಗೆಲ್ ಕಡಲಿಗೆ ತಾಗಿರುತ್ತದೆ, ಆದರೆ ಭುಜದ ಬೆಟೆಲ್‌ಗೂಸ್ (ನಮ್ಮ ಆರ್ದ್ರಾ) ಇನ್ನೂ ಒಂದೂವರೆ ಮುಷ್ಟಿ ಮೇಲಿರುತ್ತದೆ. ಆದರೆ ಪೂರ್ವದಲ್ಲಿ ಗುಡ್ಡ ಇದೆಯಲ್ಲ. 10 ಡಿಗ್ರಿ ಗುಡ್ಡ ದಾಟಿ ಚೇಳಿನ ಎದೆ ಕಾಣುವಷ್ಟರಲ್ಲಿ ಆರ್ದ್ರಾ ನೀರಿನಿಂದ ಎರಡು ಬೆರಳಷ್ಟೇ ಮೇಲೆ, ಮಬ್ಬಿನಲ್ಲಿ ಕಳೆದುಹೋಗಿರುತ್ತದೆ. ಏಪ್ರಿಲ್ 10ರ ಸುಮಾರಿಗೆ ರಾತ್ರಿ 10ರಿಂದ 11ರವರೆಗೆ ಬೀಚಿನಲ್ಲಿ ನಿಂತು ಒಮ್ಮೆ ಪಶ್ಚಿಮಕ್ಕೆ, ಒಮ್ಮೆ ಆಗ್ನೇಯಕ್ಕೆ ನೋಡುತ್ತಿರಿ.

ಬೈನಾಕ್ಯುಲರ್ ಇದ್ದರೆ

7×50 ಅಥವಾ 10×50 ಸಾಕು (ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂದಿನ ಲೆನ್ಸಿನ ಅಗಲ, ಮಿಲಿಮೀಟರಿನಲ್ಲಿ). ದೊಡ್ಡದಕ್ಕೆ ಸ್ಟ್ಯಾಂಡ್ ಬೇಕಾಗುತ್ತದೆ, ಕೈ ನಡುಗುತ್ತದೆ. ಶೌಲಾದಿಂದ ಎಡಕ್ಕೆ ತುಸು ಮೇಲೆ, 5 ಡಿಗ್ರಿಯೊಳಗೆ ಎಂ7 ಎಂಬ ನಕ್ಷತ್ರಗುಚ್ಛ ಇದೆ. ಬರಿಗಣ್ಣಿಗೂ ಮೋಡದ ಚೂರಿನಷ್ಟು ಕಾಣುತ್ತದೆ, ಟಾಲೆಮಿ ಎರಡನೆಯ ಶತಮಾನದಲ್ಲೇ ಗಮನಿಸಿದ್ದ. ಅದರ ಮೇಲೆ ಬಲಕ್ಕೆ ಸಣ್ಣ ಗುಚ್ಛ ಎಂ6. ಜ್ಯೇಷ್ಠಾ ದಕ್ಷಿಣಕ್ಕೆ ಬಂದಾಗ ಅದರ ಬಲಕ್ಕೆ 1.3 ಡಿಗ್ರಿಯಲ್ಲಿ ಇನ್ನೊಂದು ಗುಚ್ಛ ಎಂ4, ದುಂಡನೆಯ ಮಂಕು ಕಲೆ. ಜ್ಯೇಷ್ಠಾದ ಬೆಳಕು ಕಣ್ಣು ಕುಕ್ಕಿದರೆ ಅದನ್ನು ನೋಟದ ಅಂಚಿನಿಂದ ಹೊರಗಿಡಿ. ತಲೆಯ ತುದಿಯ ಬೀಟಾ ಸಣ್ಣ ಟೆಲಿಸ್ಕೋಪಿನಲ್ಲಿ ಎರಡಾಗಿ ಒಡೆಯುತ್ತದೆ, ನಡುವೆ 13.6 ಆರ್ಕ್ ಸೆಕೆಂಡ್ (ಒಂದು ಡಿಗ್ರಿಗೆ 3600 ಆರ್ಕ್ ಸೆಕೆಂಡ್). ಜ್ಯೇಷ್ಠಾದ ಮಗ್ಗುಲಲ್ಲೇ ಇರುವ ಜೊತೆಗಾರ ನಕ್ಷತ್ರವನ್ನು ಮಾತ್ರ ಆರಿಂಚಿನ ಟೆಲಿಸ್ಕೋಪು, ಅಲುಗಾಡದ ಗಾಳಿ ಎರಡೂ ಇಲ್ಲದೆ ಹುಡುಕಬೇಡಿ.

ಅಕ್ಟೋಬರ್ ಮಧ್ಯದಲ್ಲಿ ಸಂಜೆ 7.20ಕ್ಕೆ ಚೇಳು ನೈಋತ್ಯದಲ್ಲಿ ತಲೆ ಕೆಳಗೆ, ಬಾಲ ಮೇಲೆ ಮಾಡಿ ಇಳಿಯುತ್ತಿರುತ್ತದೆ. ಜ್ಯೇಷ್ಠಾ 9 ಗಂಟೆ ಸುಮಾರಿಗೆ ಮುಳುಗುತ್ತದೆ, ಕೊಂಡಿ ಇನ್ನೂ ಮುಕ್ಕಾಲು ಗಂಟೆ ಉಳಿಯುತ್ತದೆ. ಆಗ ದೋಣಿಗಳೆಲ್ಲ ಕಡಲಿಗಿಳಿದಿರುತ್ತವೆ, ದಿಗಂತದ ದೀಪವನ್ನು ನಕ್ಷತ್ರವೆಂದು ತಿಳಿಯುವುದು ಸಾಮಾನ್ಯ. ಐದು ನಿಮಿಷ ಬಿಟ್ಟು ನೋಡಿ: ನಕ್ಷತ್ರ ಒಂದು ಡಿಗ್ರಿ ಕೆಳಗಿಳಿದಿರುತ್ತದೆ, ದೀಪ ಇಳಿದಿರುವುದಿಲ್ಲ.

ಮನೆಗೆ ಬಂದ ಮೇಲೆ ಲೆನ್ಸನ್ನು ಅಂಗಿಯ ಚುಂಗಿನಿಂದ ಒರೆಸಬೇಡಿ. ಕಡಲ ಗಾಳಿಯ ಉಪ್ಪು, ಸಣ್ಣ ಮರಳು ಎರಡೂ ಗಾಜನ್ನು ಗೀರುತ್ತವೆ. ಮೊದಲು ಬ್ಲೋವರಿನಿಂದ ಊದಿ, ಆಮೇಲೆ ಲೆನ್ಸ್ ದ್ರವ ಹಾಕಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಪೂರ್ತಿ ಆರಿದ ಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಗೆ ಹಾಕಿ. ಮಳೆಗಾಲದ ನಾಲ್ಕು ತಿಂಗಳು ಹಾಗೇ ಬಿಟ್ಟರೆ ಒಳಗಾಜಿಗೆ ಬೂಸ್ಟು ಹಿಡಿಯುತ್ತದೆ, ಅದನ್ನು ತೆಗೆಸುವುದು ಹೊಸದು ಕೊಳ್ಳುವಷ್ಟೇ ದುಬಾರಿಯಾದೀತು.